ತೋಟಾಕ್ಕೆ ಹಚ್ಚಿದ ಜಿಡ್ಡು

ಹಗೇವಿನ್ಯಾಗ ಜೋಳ ತುಂಬುವಾಗ ಸುತ್ತ ಹುಲ್ಲು ಹೊಂದಿಸ್ತೀವಿ, ಹಸಿ ತಾಗಬಾರದು ಅಂತ. ಬಂದೂಕಿನ ಮದ್ದಿಗೂ ಹಸಿಯೇ ವೈರಿ. ಹಸಿಯಾದ ಮದ್ದು ಹೊತ್ತುವುದಿಲ್ಲ.

1857ರಲ್ಲಿ ಕಂಪನಿ ಸರಕಾರ ಸಿಪಾಯರಿಗೆ ಕೊಡಹೊರಟ ಎನ್‌ಫೀಲ್ಡ್ ಬಂದೂಕಿನ ತೋಟಾ ಕಾಗದದ್ದು. ಒಳಗ ಮದ್ದು, ಗುಂಡು. ಗುಂಡಿನ ಕಡೆ ಕಾಗದಕ್ಕೆ ಜಿಡ್ಡು ಹಚ್ಚತಿದ್ದರು. ಗುಂಡು ನಳಿಗ್ಯಾಗ ಸಲೀಸಾಗಿ ಇಳಿಯಬೇಕು, ಒಳಗ ಹಸಿ ಹೋಗಬಾರದು. ಇನ್ನೊಂದು ತುದಿಯನ್ನ ಹಲ್ಲಿನಿಂದ ಕಡಿದು ಮದ್ದು ಸುರೀಬೇಕಿತ್ತು. ಜಿಡ್ಡು ಆಕಳದ್ದು, ಹಂದಿಯದ್ದು ಎಂಬ ಸುದ್ದಿ ಹಬ್ಬಿತು. ಬೇಕಾದ ಜಿಡ್ಡು ನೀವೇ ಹಚ್ಚಿಕೊಳ್ರಿ ಅಂತ ಆಮೇಲೆ ಹೇಳಿದರೂ ಸಿಪಾಯರು ನಂಬಲಿಲ್ಲ. ಮೇ 10ಕ್ಕೆ ಮೀರತ್‌ನಲ್ಲಿ ದಂಗೆ ಎದ್ದಿತು.

ದಂಗೆಗೆ ಹೆದರಿ ಸರಕಾರ ಜನರ ಹತಿಯಾರ ಕಸಿಯೋ ಕಾಯ್ದೆ ತಂದಿತು. ಅದೇ ನವೆಂಬರದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಹತಿಯಾರ ಕೊಡಲಿಲ್ಲ, ಕಾದಾಡಿ ಸತ್ತರು. ಅವರ ಲಾವಣಿ ನಾನು ಎಷ್ಟೋ ಸಲ ಹಾಡೀನಿ. ತೋಟಾದ ಮಾತು ಮಾತ್ರ ಎಂದೂ ಹೇಳಿರಲಿಲ್ಲ.

ಮುಂದ 1860ರ ದಶಕದಾಗ ಹಿತ್ತಾಳಿ ತೋಟಾ ಬಂತು. ಹಸಿಯ ಕಾಟ ಕಡಿಮಿಯಾತು, ಹಲ್ಲಿನಿಂದ ಕಡಿಯೋದೂ ತಪ್ಪಿತು. ಮದ್ದಿನ ಹಸಿ ಬಗ್ಗೆ ಇಷ್ಟು ವಿಚಾರ ಮಾಡಿದವರು, ಅದನ್ನ ಬಾಯಿಗೆ ಇಡುವವನನ್ನ ಮೊದಲೇ ಒಂದು ಮಾತು ಕೇಳಬೇಕಿತ್ತು.