ಆಡಿನ ತೊಗಲಿನ ಹೊದಿಕೆ

ನಿಮ್ಮ ಮನೆಯ ಪವಿತ್ರ ಗ್ರಂಥದ ರಟ್ಟನ್ನೊಮ್ಮೆ ಸವರಿ ನೋಡಿ. 8ನೆಯ ಶತಮಾನದ ಆರಂಭದಲ್ಲಿ ಉತ್ತರ ಇಂಗ್ಲೆಂಡಿನ ವೇರ್‌ಮತ್-ಜ್ಯಾರೋ ಮಠದ ಸನ್ಯಾಸಿಗಳು ಸಂತ ಯೊವಾನ್ನರ ಶುಭಸಂದೇಶದ ಅಂಗೈಯಗಲದ ಪ್ರತಿಯೊಂದಕ್ಕೆ ಮರದ ಹಲಗೆಗಳನ್ನಿಟ್ಟು, ಕೆಂಪು ಬಣ್ಣದ ಆಡಿನ ತೊಗಲನ್ನು ಹೊದಿಸಿದರು. ಹಾಳೆಗಳನ್ನು ಹೊಲಿದ ರೀತಿ ಈಜಿಪ್ಟಿನ ಕೋಪ್ಟ್ ಕ್ರೈಸ್ತರದು. ಮುಂಬದಿಯಲ್ಲಿ ಉಬ್ಬಿದ ಬಳ್ಳಿ, ಚಿನ್ನವಿಲ್ಲ, ರತ್ನವಿಲ್ಲ. ಸಂತ ಕತ್‌ಬರ್ಟರ ಶವಪೆಟ್ಟಿಗೆಯಲ್ಲಿರಿಸಿದ್ದ ಆ ಪುಸ್ತಕವು 1104ರಲ್ಲಿ ಡರ್ಹಮ್‌ನಲ್ಲಿ ಪೆಟ್ಟಿಗೆ ತೆರೆದಾಗ ದೊರೆಯಿತು.

ಆ ನಾಡಿನವರಿಗೆ ಚಿನ್ನ ತಿಳಿಯದ್ದೇನಲ್ಲ. ಲಿಂಡಿಸ್ಫಾರ್ನ್ ಶುಭಸಂದೇಶ ಗ್ರಂಥವನ್ನು ಬಿಲ್‌ಫ್ರಿತ್ ಎಂಬ ಏಕಾಂತವಾಸಿಯು ಚಿನ್ನ, ರತ್ನ, ಬೆಳ್ಳಿಗಳಿಂದ ಅಲಂಕರಿಸಿದನೆಂದು 10ನೆಯ ಶತಮಾನದ ಟಿಪ್ಪಣಿ ಹೇಳುತ್ತದೆ. ಆ ಅಲಂಕಾರ ಇಂದು ಉಳಿದಿಲ್ಲ. ಈಗಿರುವ ಹೊದಿಕೆ 19ನೆಯ ಶತಮಾನದ್ದು. ಆಡಿನ ತೊಗಲನ್ನು ದೋಚಲು ಯಾರು ತಾನೇ ಬಂದಾರು? ಕೆಂಪು ತೊಗಲು ಇಂದಿಗೂ ತನ್ನ ಹಲಗೆಗಳ ಮೇಲೆಯೇ ಇದೆ. ಬ್ರಿಟಿಷ್ ಗ್ರಂಥಾಲಯವು 2012ರಲ್ಲಿ ಆ ಪುಟ್ಟ ಪುಸ್ತಕವನ್ನು 90 ಲಕ್ಷ ಪೌಂಡುಗಳಿಗೆ ಕೊಂಡಿತು.