ಸೂರ್ಯಕಾಂತಿಯ ಜೊಳ್ಳು

ಎರೆನೆಲದ ನಮ್ಮ ಒಕ್ಕಲಿಗನು ಎಳ್ಳು, ಕುಸುಬೆ, ಹುಚ್ಚೆಳ್ಳುಗಳನ್ನು ತಲೆತಲಾಂತರದಿಂದ ಬಲ್ಲವನಾದರೂ, ಸೂರ್ಯಕಾಂತಿಯನ್ನು ಎಣ್ಣೆಯ ಬೆಳೆಯೆಂದು ಕಂಡದ್ದು ತೀರ ಈಚೆಗೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಸಹಸ್ರಾರು ವರ್ಷಗಳ ಹಿಂದೆಯೇ ಪಳಗಿಸಿದ್ದ ಈ ಸಸ್ಯವು, ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಹಡಗನ್ನೇರಿ ಯೂರೋಪಿನ ಉದ್ಯಾನಗಳಿಗೆ ಅಲಂಕಾರವಾಗಿ ಬಂದು, ರಷ್ಯದ ವಿಶಾಲವಾದ ಹೊಲಗಳಲ್ಲಿ ಎಣ್ಣೆಗಾಳಾಗಿ ನೆಲೆಗೊಂಡು, ಅಲ್ಲಿ ಪುಸ್ತೊವೊಯ್ತ್ ಎಂಬ ತಳಿವಿಜ್ಞಾನಿಯ ದೀರ್ಘ ಪರಿಶ್ರಮದಿಂದ ಬೀಜದ ಎಣ್ಣೆಯಂಶವು ಶೇ. 30ರ ಆಸುಪಾಸಿನಿಂದ ಶೇ. 50ರ ಸಮೀಪಕ್ಕೇರಿದ ಬಳಿಕ, 1969ರಲ್ಲಿ ಪೆರೆದೊವಿಕ್ ಮೊದಲಾದ ತಳಿಗಳ ರೂಪದಲ್ಲಿ ಭಾರತವನ್ನು ಸೇರಿತು.

ಬಳ್ಳಾರಿ, ರಾಯಚೂರುಗಳ ಕಪ್ಪುಮಣ್ಣು ಅದನ್ನು ಆದರದಿಂದಲೇ ಸ್ವೀಕರಿಸಿತು. ಆದರೆ ಆಳೆತ್ತರದ ಗಿಡವನ್ನೂ ಹರಿವಾಣದಗಲದ ತೆನೆಯನ್ನೂ ಕಂಡು ಹಿಗ್ಗಿದವನಿಗೆ ಒಕ್ಕಣೆಯ ದಿನ ಕೈಗೆ ಬಂದದ್ದು ಎಷ್ಟೋ ವೇಳೆ ಬರಿಯ ಸಿಪ್ಪೆ. ತೆನೆಯ ನಡುಭಾಗವಂತೂ ಜೊಳ್ಳಿನ ತವರು. ನಾವು ಒಂದು ಹೂವೆನ್ನುವುದು ವಾಸ್ತವದಲ್ಲಿ ನೂರಾರು ಕಿರುಪುಷ್ಪಗಳ ಸಮೂಹವಾಗಿದ್ದು, ಅವು ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ, ಹಲವು ದಿನಗಳ ಅವಧಿಯಲ್ಲಿ ಅರಳುತ್ತ ಹೋಗುವುವು. ಪ್ರತಿಯೊಂದರಲ್ಲಿಯೂ ಪರಾಗವು ಮೊದಲು ಹೊರಬಿದ್ದು ಶಲಾಕಾಗ್ರವು ತರುವಾಯ ತೆರೆದುಕೊಳ್ಳುವುದಲ್ಲದೆ, ಆ ಮೊದಲ ತಳಿಗಳು ಸ್ವಂತ ಪರಾಗವನ್ನು ಬಹುಮಟ್ಟಿಗೆ ಒಲ್ಲವು. ಪರಾಗವೋ ಅಂಟಿನದು, ಗಾಳಿಗೆ ಹಾರದು. ಹೀಗಾಗಿ ಜೇನ್ನೊಣವಿಲ್ಲದೆ ಕಾಳು ಕಟ್ಟುವುದು ಕಷ್ಟ. ಮಳೆ ಹಿಡಿದ ವಾರದಲ್ಲಿಯೇ ಹೂವರಳಿದರೆ ನೊಣವು ಗೂಡು ಬಿಡದು, ಬಿಟ್ಟದ್ದನ್ನು ಮುಂಜಾನೆ ಸಿಂಪಡಿಸಿದ ಕೀಟನಾಶಕವು ಕೊಲ್ಲುವುದೂ ಉಂಟು.

ಇದಕ್ಕೆ ಹೇಳಲಾದ ಉಪಾಯಗಳಲ್ಲಿ ಅತ್ಯಂತ ಶ್ರಮದ್ದೆಂದರೆ, ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಕೈಗೆ ತೆಳುಬಟ್ಟೆ ಸುತ್ತಿಕೊಂಡು, ತೆನೆಯಿಂದ ತೆನೆಗೆ ಮೃದುವಾಗಿ ಸವರುತ್ತ, ದಿನ ಬಿಟ್ಟು ದಿನ ಹೊಲವೆಲ್ಲ ಸುತ್ತುವುದು. ಕೂಲಿಯ ಲೆಕ್ಕ ಬಲ್ಲವನು ಹೆಕ್ಟೇರಿಗೆ ಐದು ಜೇನುಪೆಟ್ಟಿಗೆಗಳನ್ನಿಡುವುದೇ ಲೇಸೆಂದಾನು, ನನ್ನ ಮತವೂ ಅದೇ. ಎಸಳು ಬಿಚ್ಚುವ ಹೊತ್ತಿಗೆ ಲೀಟರು ನೀರಿಗೆ 2 ಗ್ರಾಂ ಬೊರಾಕ್ಸ್ ಬೆರೆಸಿ ಸಿಂಪಡಿಸಿದರೆ, ಬೋರಾನಿನ ಕೊರತೆಯಿಂದ ಬರುವ ಜೊಳ್ಳೂ ತಗ್ಗುವುದು.

1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ದೇಶದ ಪ್ರಥಮ ಸೂರ್ಯಕಾಂತಿ ಸಂಕರವಾದ ಬಿಎಸ್‌ಎಚ್-1 ಅನ್ನು ಹೊರತಂದ ಮೇಲೆ ಈ ಸಂಕಟವು ಬಹಳಷ್ಟು ಕಡಿಮೆಯಾಯಿತು. ಆದರೆ 1997ರಲ್ಲಿ ಬಾಗೇಪಲ್ಲಿಯ ಕಡೆ ಹೊಸದೊಂದು ರೋಗ ಕಾಣಿಸಿಕೊಂಡಿತು: ಎಲೆ, ಕಾಂಡಗಳು ಕರಿಕಲಾಗಿ, ತೆನೆ ತಿರುಚಿಕೊಂಡು, ಎಳೆಯ ಗಿಡಕ್ಕೆ ತಗುಲಿದಲ್ಲಿ ಹೂವು ಅರಳುವುದೇ ಇಲ್ಲ. ಇದಕ್ಕೆ ಮೂಲವಾದ ವೈರಾಣುವು ಯಾವ ಲಕ್ಷಣವನ್ನೂ ತೋರದೆ ಕಾಂಗ್ರೆಸ್ ಹುಲ್ಲಿನಲ್ಲಿ ಅಡಗಿರುವುದು. ಅದರ ಪರಾಗದಲ್ಲಿ ಬೆರೆತು, ಥ್ರಿಪ್ಸ್ ನುಸಿಯ ಮೂಲಕ ಹೊಲಕ್ಕಿಳಿಯುವುದು. ಆ ಹುಲ್ಲನ್ನು ಹೂಬಿಡುವ ಮುನ್ನವೇ ಕಿತ್ತು, ಬಿತ್ತನೆಗೆ ಹದಿನೈದು ದಿನ ಮೊದಲು ಹೊಲದ ಸುತ್ತ ಮೂರು ನಾಲ್ಕು ಸಾಲು ಜೋಳ ಹಾಕಬೇಕೆಂಬುದು ವಿಜ್ಞಾನಿಗಳ ಸಲಹೆ. ದೂರದೇಶದಿಂದ ಬಂದ ಬೆಳೆಗೆ ಈ ನೆಲದ ಹಳೆಯ ಜೋಳವೇ ಬೇಲಿಯಾದುದು ವಿಚಿತ್ರವಾದರೂ, ಜೋಳದ ದಂಟು ದನಗಳಿಗೆ ಮೇವಾಗುವುದರಿಂದ ರೈತನು ಈ ಸಲಹೆಯನ್ನು ಹೆಚ್ಚು ಚರ್ಚಿಸಬೇಕಾದುದಿಲ್ಲ.