ಹೊಣೆ ಒಬ್ಬರದು, ಅಧಿಕಾರ ಇನ್ನೊಬ್ಬರದು: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಸರ್ಕಾರಿ ಶಾಲೆ ಮತ್ತು ಸುರಕ್ಷತೆಯ ಕಾನೂನು

ಶಾಲಾ ಸುರಕ್ಷತೆಯ ಶಾಸನಗಳ ಚರ್ಚೆ ಅಮೆರಿಕದಲ್ಲಿ ಬಂದೂಕಿನ ಸುತ್ತಲೇ ನಡೆದಿದೆ. 1990ರ ಬಂದೂಕುಮುಕ್ತ ಶಾಲಾವಲಯ ಕಾಯ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 1995ರಲ್ಲಿ ಅಸಿಂಧುಗೊಳಿಸಿತು. ಅಲ್ಲಿನ ಯುವಾಲ್ಡೆಯ ಶಾಲೆಯೊಂದರಲ್ಲಿ ಗುಂಡಿನ ದಾಳಿಗೆ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತ ಮೇಲೆ, 2022ರಲ್ಲಿ, ಮತ್ತೊಂದು ಕಾಯ್ದೆ ಬಂತು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವುದನ್ನೇ ತಡೆಯುತ್ತದೆ. ಬೆಳೆ ಕಾಯುವ ಕೋವಿಗೂ ಪರವಾನಗಿ ಬೇಕು. 2007ರ ಡಿಸೆಂಬರ್‌ನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ವಿದ್ಯಾರ್ಥಿಯೊಬ್ಬ ಸಹಪಾಠಿಗಳ ಗುಂಡಿಗೆ ಬಲಿಯಾದ ಪ್ರಕರಣ ಉಂಟು. ಆದರೂ ಭಾರತದಲ್ಲಿ ಶಾಲಾ ಸುರಕ್ಷತೆಯ ಕಾನೂನನ್ನು ರೂಪಿಸಿದ್ದು ಗುಂಡಲ್ಲ, ಬೆಂಕಿ.

2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸುಟ್ಟು ಸತ್ತರು. ಆ ದುರಂತದಿಂದ ಹೊರಟ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್‌ನಲ್ಲಿ, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಮೂಲಭೂತ ಹಕ್ಕಿನ ಭಾಗವೆಂದು ಹೇಳಿತು. ಶಾಲಾ ಸುರಕ್ಷತೆಯ ಹೊಣೆ ಯಾರದೆಂದು ಗೊತ್ತುಪಡಿಸುವ ಕೇಂದ್ರ ಶಿಕ್ಷಣ ಸಚಿವಾಲಯದ ಮಾರ್ಗಸೂಚಿ 2021ರಲ್ಲಿ ಬಂತು. ಅದನ್ನು ಜಾರಿಗೊಳಿಸಬೇಕೆಂದು ಅದೇ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಈ ಮಾರ್ಗಸೂಚಿಯಿಂದ ಹೊಣೆಗಾರಿಕೆಯ ಪ್ರಶ್ನೆ ಬಗೆಹರಿಯಿತು ಎಂಬ ಓದಿನ ಬಗ್ಗೆ. ಖಾಸಗಿ ಶಾಲೆಯಲ್ಲಿ ಆಡಳಿತ ಮಂಡಳಿಯನ್ನೂ ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕ, ಶಿಕ್ಷಕರು ಮತ್ತು ಶಿಕ್ಷಣಾಡಳಿತವನ್ನೂ ಅದು ಹೊಣೆಯಾಗಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೆ? ಖಾಸಗಿ ಮಂಡಳಿಗೆ ಕಟ್ಟಡವೂ ತನ್ನದು, ಹಣವೂ ತನ್ನದು. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹಳ್ಳಿಶಾಲೆಯ ಮುಖ್ಯ ಶಿಕ್ಷಕಿಗೆ ಎರಡೂ ಇಲ್ಲ. ಹೆಂಚು ಜಾರಿದರೆ, ಗೋಡೆ ಬಿರುಕು ಬಿಟ್ಟರೆ ಅವರು ಮಾಡಬಹುದಾದದ್ದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಠರಾವು ಮಾಡಿಸಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಪತ್ರ ಬರೆಯುವುದು. ಅಂದಾಜುಪಟ್ಟಿ ಎಂಜಿನಿಯರರ ಕೈಯಲ್ಲಿ, ಅನುದಾನ ಇನ್ನೂ ಮೇಲೆ.

ಇದು ಕೇವಲ ಅನುಕಂಪದ ವಾದವಲ್ಲ, ಶಾಸನದ ಪಠ್ಯವೇ ಇದಕ್ಕೆ ಆಧಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 8 ಮತ್ತು 9ನೇ ಪ್ರಕರಣಗಳು ಶಾಲಾ ಕಟ್ಟಡ ಒದಗಿಸುವ ಕರ್ತವ್ಯವನ್ನು ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರಗಳ ಮೇಲೆ ಹೊರಿಸಿವೆ. ಸಲಹಾರೂಪದ ಮಾರ್ಗಸೂಚಿಯೊಂದು ಈ ಕರ್ತವ್ಯವನ್ನು ಕೆಳಗಿನ ನೌಕರರ ಹೆಗಲಿಗೆ ದಾಟಿಸಲಾರದು. ಆದ್ದರಿಂದ, ಕಟ್ಟಡ, ಕಾಂಪೌಂಡು ಮತ್ತು ವಿದ್ಯುತ್ ವೈರಿಂಗಿನ ಮಟ್ಟಿಗೆ, ಅಪಾಯವನ್ನು ಲಿಖಿತವಾಗಿ ತಿಳಿಸಿದ ಕ್ಷಣದಿಂದ ಹೊಣೆ ಅನುದಾನ ಮಂಜೂರು ಮಾಡುವ ಅಧಿಕಾರಿಯದಾಗುತ್ತದೆ ಎಂಬುದು ನನ್ನ ವಾದ. ಇದಕ್ಕೆ ಮಿತಿಗಳಿವೆ. ಹೊಡೆತ, ಲೈಂಗಿಕ ಕಿರುಕುಳ, ಬಿಸಿಯೂಟದ ಅಡುಗೆ ಕೋಣೆಯ ನಿರ್ಲಕ್ಷ್ಯ ಇವುಗಳಿಗೆ ಈ ವಾದ ಅನ್ವಯಿಸದು. ಬಿರುಕು ಕಂಡೂ ಅದೇ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿದವರಿಗೂ ಇದು ರಕ್ಷಣೆಯಾಗದು. 2009ರ ತೀರ್ಪು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿಲ್ಲ ಎಂಬುದನ್ನೂ ಒಪ್ಪಬೇಕು.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೂ ಕೊರತೆ ಇದೆ. ಎಲ್ಲ ಋತುಮಾನಕ್ಕೂ ಒಗ್ಗುವ ಕಟ್ಟಡ, ಶೌಚಾಲಯ, ಕುಡಿಯುವ ನೀರು, ಆವರಣ ಗೋಡೆ ಅಥವಾ ಬೇಲಿ ಅಲ್ಲಿವೆ. ತೀರ್ಪು ಒತ್ತಿ ಹೇಳಿದ ಅಗ್ನಿಶಾಮಕ ಸಾಧನ ಇಲ್ಲ. ಸ್ಥಳಕ್ಕೆ ತಕ್ಕ ಭೇದವೂ ಇಲ್ಲ. ಚನ್ನಗಿರಿಯ ಮಗುವಿಗೆ ಭದ್ರಾ ನಾಲೆ, ಹೊನ್ನಾಳಿಯದಕ್ಕೆ ತುಂಗಭದ್ರೆಯ ನೆರೆ ಅಪಾಯ. ಮಳೆ ಕಡಿಮೆಯಾದ ಜಗಳೂರಿನಲ್ಲಿ ಕುಡಿಯುವ ನೀರೇ ಮೊದಲ ಚಿಂತೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಗೂ ಅದೇ ಅನುಸೂಚಿ.

2015ರ ಬಾಲನ್ಯಾಯ ಕಾಯ್ದೆಯ 75ನೇ ಪ್ರಕರಣದ ನಿರ್ಲಕ್ಷ್ಯದ ಕಲಮು ದುರಸ್ತಿ ಕಡತವನ್ನು ಹಿಡಿದಿಟ್ಟ ಅಧಿಕಾರಿಗೂ ತಗಲುತ್ತದೆಯೇ ಎಂಬುದನ್ನು ಈ ಲೇಖನ ತೀರ್ಮಾನಿಸಿಲ್ಲ. ಅದನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿ ದುರಸ್ತಿ ಕೋರಿದ ಪತ್ರಗಳು ಮತ್ತು ಅವಕ್ಕೆ ಬಂದ ಉತ್ತರಗಳು. ಚನ್ನಗಿರಿ, ಹೊನ್ನಾಳಿ, ಜಗಳೂರು, ನ್ಯಾಮತಿ ಈ ನಾಲ್ಕೂ ತಾಲ್ಲೂಕುಗಳ ಇಂಥ ಕಡತಗಳನ್ನು ಶಿಕ್ಷಣ ಇಲಾಖೆ ಸಂಶೋಧಕರಿಗೆ ತೆರೆದಿಡಬೇಕು.